ಚಿಕ್ಕ ಮಿಸ್ ಮಲಗಿದ ಮಧ್ಯಾಹ್ನ

ಒಂಟಿಗಾಲಲ್ಲಿ ನಿಂತು, ಬಲಗೈಯಲ್ಲಿ ಇಲ್ಲದ ಕಪ್ಪು ಹಿಡಿದು ಇಲ್ಲದ ಚಹಾ ಕುಡಿಯುವ ಭಂಗಿಯಲ್ಲಿ, ತಲೆಯ ಮೇಲೆ ಯಾರದೋ ಊಟದ ಚೀಲ ಹೊತ್ತು, ನಾನು ರೆಪ್ಪೆಯನ್ನೂ ಬಡಿಯದೆ ನಿಂತಿದ್ದಾಗ ತರಗತಿಯ ಬಾಗಿಲು ತೆರೆಯಿತು. ಒಳಗೆ ಬಂದವರು ಇಬ್ಬರು. ಮುಂದಿದ್ದವರು ಆ ಶಾಲೆಯ ಹೆಡ್‌ಮಿಸ್. ಹಿಂದಿದ್ದವರು ನನ್ನ ಮಗಳು ಓದುತ್ತಿರುವ ಟ್ರೈನಿಂಗ್ ಕಾಲೇಜಿನ ಮೇಡಂ. ಅವಳು ಪಾಠ ಮಾಡುವುದನ್ನು ನೋಡಿ ಪಾಸೋ ಫೇಲೋ ಹೇಳಬೇಕಾದವರು.

“ಯಾರಿವರು?” ಎಂದರು ಹೆಡ್‌ಮಿಸ್.

“ಸ್ಟ್ಯಾಚ್ಯೂ!” ಎಂದು ಮಕ್ಕಳೆಲ್ಲ ಕೂಗಿದರು.

“ಚಿಕ್ಕ ಮಿಸ್ ಅಪ್ಪ,” ಎಂದು ಮೂಲೆಯಿಂದ ಒಂದು ದನಿ ಮಾಹಿತಿ ಸೇರಿಸಿತು. “ಅವರು ಅಲ್ಲಾಡಂಗಿಲ್ಲ. ಅಲ್ಲಾಡಿದ್ರೆ ಔಟು.”

ನಡೆದದ್ದು ಇಷ್ಟೆ. ನನ್ನ ಅಕ್ಕ ಆ ಶಾಲೆಯಲ್ಲಿ ತೀರಾ ಚಿಕ್ಕ ಮಕ್ಕಳ ತರಗತಿಗೆ ಮಿಸ್. ನನ್ನ ಮಗಳು ಪಾಠ ಮಾಡಿ ಅಭ್ಯಾಸ ಮಾಡಲು ಅದೇ ತರಗತಿಗೆ ಬಂದಿದ್ದಳು. ಆದ್ದರಿಂದ ಮಕ್ಕಳ ಬಾಯಲ್ಲಿ ಅಕ್ಕ ದೊಡ್ಡ ಮಿಸ್, ಮಗಳು ಚಿಕ್ಕ ಮಿಸ್. ಅಕ್ಕನ ಮಂಡಿ ನೋವು ಜಾಸ್ತಿಯಾದಾಗಿನಿಂದ ಸಂಜೆ ಇಬ್ಬರನ್ನೂ ಕರೆದುಕೊಂಡು ಹೋಗುವ ಡ್ರೈವರ್ ಕೆಲಸ ನನ್ನದು. ನಾನು ವಾರಕ್ಕೊಂದು ಹಾಸ್ಯ ಅಂಕಣ ಬರೆಯುವವನು. ಅಂದರೆ ಮನೆಯವರ ಲೆಕ್ಕದಲ್ಲಿ ಸದಾ ಬಿಡುವಾಗಿರುವವನು. ಅವತ್ತು, ಸೋಮವಾರ, ಸ್ವಲ್ಪ ಬೇಗ ಹೋದೆ. ಅಕ್ಕ ಆಫೀಸಿನಲ್ಲಿದ್ದಳು. ಮಗಳ ತೋಳಿಗೆಲ್ಲ ಯಾರೋ ಹಸಿರು ಬಣ್ಣ ಬಳಿದಿದ್ದರು. “ಅಪ್ಪಾ, ಕೈ ತೊಳ್ಕೊಂಡು ಬರ್ತೀನಿ, ಸುಮ್ನೆ ನೋಡ್ಕೊಂಡಿರು” ಎಂದು ನಲ್ಲಿಯ ಕಡೆ ಓಡಿದಳು. ಸುಮ್ಮನೆ ನೋಡಿಕೊಂಡಿರುವುದು ಸುಲಭದ ಕೆಲಸ ಎಂದುಕೊಂಡೆ. ಮುಂದಿನ ಎರಡು ಹಲ್ಲಿಲ್ಲದ ಒಂದು ಹುಡುಗಿ ನನ್ನ ಮುಂದೆ ನಿಂತು ಬೆರಳು ತೋರಿಸಿ “ಸ್ಟ್ಯಾಚ್ಯೂ” ಎಂದಳು. ಯಾರೋ ಕೊಟ್ಟ ಸುಳ್ಳು ಚಹಾವನ್ನು ಒಂಟಿಗಾಲಲ್ಲಿ ಕುಡಿಯುತ್ತಿದ್ದ ನಾನು ಹಾಗೇ ನಿಂತೆ. ಯಾರು ಸ್ಟ್ಯಾಚ್ಯೂ ಅಂದರೋ ಅವರೇ “ಓವರ್” ಅನ್ನಬೇಕು, ಅದು ಆಟದ ಕಾನೂನು. ಹಲ್ಲಿಲ್ಲದ ಹುಡುಗಿ ಓವರ್ ಅನ್ನುವ ಮೊದಲೇ ಬಾತ್‌ರೂಮಿಗೆ ಹೋಗಿಬಿಟ್ಟಳು. ಉಳಿದವರು ನನ್ನ ಸುತ್ತ ಕಾವಲು ನಿಂತು, ಮೂಗಿನ ಹತ್ತಿರ ಕಾಗದ ಆಡಿಸಿ, ತಲೆಯ ಮೇಲೆ ಚೀಲ ಇಟ್ಟು ಪರೀಕ್ಷೆ ಮಾಡಿದರು. ಯಾಕೆ ಅಲ್ಲಾಡಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಐವತ್ತರ ಹತ್ತಿರ ಬಂದಿರುವ ನಾನು ಜೀವನದಲ್ಲಿ ಮೊದಲ ಸಲ ಒಂದು ಆಟದಲ್ಲಿ ಗೆಲ್ಲುತ್ತಿದ್ದೆ. ಅದನ್ನು ಯಾರಿಗೆ ಹೇಳುವುದು?

ಕಾಲೇಜಿನ ಮೇಡಂ ನನ್ನನ್ನು ಒಂದು ಸುತ್ತು ಹಾಕಿ ನೋಡಿದರು. ಮ್ಯೂಸಿಯಮ್ಮಿನಲ್ಲಿ ಬೇಡದ ವಿಭಾಗಕ್ಕೆ ಬಂದವರ ಮುಖ. ಅಷ್ಟರಲ್ಲಿ ನನ್ನ ಮಗಳು ಬಾಗಿಲಲ್ಲಿ ಕಾಣಿಸಿಕೊಂಡಳು. ಹಸಿರು ಇನ್ನೂ ಮೊಣಕೈವರೆಗೆ ಇತ್ತು.

“ಕ್ಲಾಸಿನ ಮೇಲೆ ಹಿಡಿತ ಇಲ್ಲ ಅಂತ ಹೋದ ಸಲಾನೇ ಹೇಳಿದ್ದೆ,” ಎಂದರು ಮೇಡಂ. “ಇವತ್ತು ಅಪ್ಪನ ಮೇಲೂ ಇಲ್ಲ ಅಂತ ಗೊತ್ತಾಯ್ತು. ಶುಕ್ರವಾರ ನಿನ್ನ ಕೊನೇ ಪಾಠ. ಅವತ್ತೂ ಹೀಗೇ ಇದ್ರೆ ವರ್ಷ ಪೂರ್ತಿ ಮತ್ತೆ ಮಾಡ್ಬೇಕಾಗತ್ತೆ, ಆಮೇಲೆ ನನ್ನ ಅನ್ಬೇಡ.”

ನಾನು ಕಾಲು ಇಳಿಸಿದೆ. “ಔಟು!” ಎಂದು ಮಕ್ಕಳು ಕುಣಿದರು.

ಮೂವರೂ ಕಾರು ಹತ್ತಿದೆವು. ಹಿಂದಿನ ಸೀಟಿನಲ್ಲಿ ಮಗಳು ಚಾರ್ಟುಗಳ ಸುರುಳಿಯನ್ನು ಅಪ್ಪಿಕೊಂಡು ಕಿಟಕಿಗೆ ತಲೆ ಒರಗಿಸಿದ್ದಳು.

“ಅಪ್ಪಾ, ನೀನು ಅಲ್ಲಾಡಬಹುದಿತ್ತಲ್ಲ?”

“ಸೋತೋಗ್ತಿದ್ದೆ ಕಣೇ.”

“ಬಿಡೇ ಕೂಸೇ,” ಎಂದಳು ಅಕ್ಕ ಮುಂದಿನ ಸೀಟಿನಿಂದ. “ಇವನು ಹುಟ್ಟಿದಾಗಿಂದ ಹೀಗೇ. ಕೂತ್ಕೋ ಅಂದಾಗ ಓಡ್ತಾನೆ, ಓಡು ಅಂದಾಗ ಕಂಬ ಆಗ್ತಾನೆ. ಎದುರುಗಡೆ ಸಿಗ್ನಲ್ ಹಸಿರಾಗಿದೆ ನೋಡೋ, ಹೊರಡು.”

ಇಲ್ಲಿ ಅಕ್ಕನ ಬಗ್ಗೆ ನಾಲ್ಕು ಮಾತು ಹೇಳಬೇಕು. ನಾನು ಈ ಬರಹಕ್ಕೆ ಕೈಹಾಕಿದ್ದೇ ಅವಳಿಗಾಗಿ. ನಡುವೆ ನಾನು ನುಗ್ಗಿದ್ದು ಅಭ್ಯಾಸಬಲದಿಂದ.

ಅಕ್ಕ ಚಿಕ್ಕ ಮಕ್ಕಳ ನಡುವೆ ಎಷ್ಟು ವರ್ಷ ಕಳೆದಿದ್ದಾಳೆಂದರೆ ದೊಡ್ಡವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದೇ ಅವಳಿಗೆ ಮರೆತುಹೋಗಿದೆ. ಮೂರು ಜನಕ್ಕಿಂತ ಹೆಚ್ಚು ಮಂದಿ ಜೊತೆಯಲ್ಲಿದ್ದರೆ ರಸ್ತೆ ದಾಟುವ ಮುನ್ನ ನಿಂತು ತಲೆ ಎಣಿಸುತ್ತಾಳೆ. ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಗೋಳಾಡುತ್ತಿದ್ದ ಚಿಕ್ಕಮ್ಮನ ಮೂಗಿಗೆ ಕರ್ಚೀಫು ಹಿಡಿದು, “ಹ್ಞೂಂ, ಜೋರಾಗಿ... ಇನ್ನೊಂದ್ಸಲ... ಜಾಣೆ” ಎಂದಳು. ಚಿಕ್ಕಮ್ಮ ಅಷ್ಟು ದುಃಖದಲ್ಲೂ ಹೇಳಿದಂತೆ ಮಾಡಿದರು. ಅಕ್ಕನ ಕೈಚೀಲದಲ್ಲಿ ಎರಡು ಮೂರು ಬಣ್ಣದ ಗುಂಡಿ, ಸೂಜಿದಾರ, ಒದ್ದೆ ಬಟ್ಟೆ ಹಾಕಲು ಪ್ಲಾಸ್ಟಿಕ್ ಕವರು, ಕಾಗದದಲ್ಲಿ ಸುತ್ತಿದ ಯಾರದೋ ಹಾಲುಹಲ್ಲು ಇರುತ್ತವೆ. ಹಲ್ಲು ಯಾರದೆಂದು ಕೇಳಿದರೆ “ಈಗ ಮದುವೆ ಆಗಿರತ್ತೆ ಅದಕ್ಕೆ” ಅನ್ನುತ್ತಾಳೆ. ಗಡಿಯಾರ ರಿಪೇರಿ ಮಾಡುವ ನಮ್ಮ ಭಾವ ಊಟದ ಮೇಜಿನಿಂದ ಏಳುವ ಮುನ್ನ ಬೆರಳೆತ್ತಿ ಅನುಮತಿ ಕೇಳುತ್ತಾರೆ ಎಂದು ನಾನೊಮ್ಮೆ ಅಂಕಣದಲ್ಲಿ ಬರೆದೆ. ಅದು ಶುದ್ಧ ಸುಳ್ಳು. ಭಾವ ಇವತ್ತಿನವರೆಗೂ ಅದನ್ನು ಅಲ್ಲಗಳೆದಿಲ್ಲ.

ಅವಳು ಬಿಸಿ ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಶಾಲೆಯಲ್ಲಿ ಲೋಟ ಎತ್ತುವಷ್ಟರಲ್ಲಿ ಒಂದು ಮಗುವಿನ ಮೂಗು, ಎತ್ತಿದ ಮೇಲೆ ಇನ್ನೊಂದರ ಬೂಟು. ಹೀಗೆ ತಣ್ಣಗಾದದ್ದನ್ನೇ ಕುಡಿದೂ ಕುಡಿದೂ ಈಗ ಭಾನುವಾರ ಮನೆಯಲ್ಲಿ ಬಿಸಿಬಿಸಿ ಕೊಟ್ಟರೂ ಪಕ್ಕಕ್ಕಿಟ್ಟು ಕೆನೆ ಕಟ್ಟುವವರೆಗೆ ಕಾಯುತ್ತಾಳೆ. ಸಂಜೆ ಮನೆಗೆ ಬಂದವಳು ಚೀಲವನ್ನು ಹೆಗಲಿಂದ ಇಳಿಸದೆ, ಚಪ್ಪಲಿ ಬಿಚ್ಚದೆ, ಮಂಚದ ಅಂಚಿನಲ್ಲಿ ಸುಮ್ಮನೆ ಕೂರುತ್ತಾಳೆ. ಏನನ್ನೂ ನೋಡುವುದಿಲ್ಲ. ಆಗ ಯಾರೂ ಅವಳನ್ನು ಮಾತಾಡಿಸಬಾರದು. ಸ್ವಲ್ಪ ಹೊತ್ತಿನ ಮೇಲೆ ಯಾರೋ ಓವರ್ ಅಂದ ಹಾಗೆ ಎದ್ದು ಒಳಗೆ ಹೋಗುತ್ತಾಳೆ.

ಇಷ್ಟಾದರೂ ಅವಳು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಅವಳ ತರಗತಿ ಅವಳ ಕಣ್ಸನ್ನೆಯಲ್ಲೇ ನಡೆಯುತ್ತದೆ. ಇದೇ ನನ್ನ ಮಗಳನ್ನು ಕೊಲ್ಲುತ್ತಿದ್ದದ್ದು.

ಅವತ್ತು ಸಂಜೆ ಅಕ್ಕನ ಮನೆಯಲ್ಲೇ ಉಳಿದೆವು. ಕೆಳಗೆ ಟೈಲರ್ ಅಂಗಡಿ, ಮೇಲೆ ಎರಡು ಕೋಣೆ. ಹೊಲಿಗೆ ಮೆಷಿನ್ನು ಓಡಿದಾಗಲೆಲ್ಲ ಮೇಜಿನ ಮೇಲಿನ ಚಮಚ ಸಣ್ಣಗೆ ನಡುಗುತ್ತದೆ. ಮಗಳು ಆ ಮೇಜಿನ ಮೇಲೆ ಚಾರ್ಟು ಹರಡಿ, ಅರ್ಧ ಬಣ್ಣ ಹಚ್ಚಿದ ಆನೆಯ ಮೇಲೆ ಕೆನ್ನೆಯಿಟ್ಟು ಮಲಗಿದಂತೆ ಮಾತಾಡಿದಳು. ಗಂಟಲು ಕಟ್ಟಿತ್ತು. ದನಿ ಹಳೇ ಬಾಗಿಲಿನ ಹಾಗೆ ಕಿರ್ರೆನ್ನುತ್ತಿತ್ತು.

“ನಾನು ನಾಳೆಯಿಂದ ಹೋಗಲ್ಲ ಅತ್ತೆ.”

“ಹ್ಞೂಂ,” ಎಂದಳು ಅಕ್ಕ. ಅವಳು ರಟ್ಟಿನಲ್ಲಿ ಆನೆಗೊಂದು ಇಲಿ ಕತ್ತರಿಸುತ್ತಿದ್ದಳು. ಶುಕ್ರವಾರದ ಪಾಠ ‘ಹಗುರ ಮತ್ತು ಭಾರ’.

“ಹ್ಞೂಂ ಅಂದ್ರೆ? ಬೇಡ ಅನ್ನಿ, ಬೈಯಿರಿ, ಏನಾದ್ರೂ ಹೇಳಿ.”

“ನೀನು ಮುಗ್ಸು ಮೊದಲು.”

ಮಗಳು ಮುಗಿಸಿದಳು. ಮುಗಿಸಲು ಬಹಳ ಹೊತ್ತು ಬೇಕಾಯಿತು. ಮೊದಲ ದಿನ ತರಗತಿಗೆ ಕಾಲಿಟ್ಟಾಗ ಎಲ್ಲರಿಗಿಂತ ಮುಂಚೆ ಬಂದು ಕೈ ಹಿಡಿದದ್ದು ಹಲ್ಲಿಲ್ಲದ ಹುಡುಗಿ. ಎಷ್ಟು ಪ್ರೀತಿ ಎಂದುಕೊಳ್ಳುವಷ್ಟರಲ್ಲಿ “ನೀವು ಯಾವಾಗ ಹೋಗ್ತೀರಾ?” ಎಂದು ಕೇಳಿದಳಂತೆ. ಪಾಠ ಯೋಜನೆಯಲ್ಲಿ ‘ಪೀಠಿಕೆ, ಐದು ನಿಮಿಷ’ ಎಂದು ಬರೆದಿರುತ್ತದೆ. ಐದು ನಿಮಿಷ ಒಂದು ಮಗುವಿನ ಚೀಲದ ಜಿಪ್ಪು ಬಿಡಿಸುವುದಕ್ಕೇ ಸಾಲದು. ಎಲ್ಲರ ಬೂಟುಗಳೂ ಯಾವಾಗಲೂ ಅದಲುಬದಲು. ಒಬ್ಬನನ್ನು ಕೂರಿಸಿದರೆ ಇಬ್ಬರು ಏಳುತ್ತಾರೆ. “ಮಿಸ್, ಇವನು ನನ್ನ ನೋಡ್ತಾನೆ.” “ಮಿಸ್, ಇವಳು ನನ್ನ ನೋಡ್ತಿಲ್ಲ.” ಒಂದು ಮಗು ಅವಳ ಹೆಬ್ಬೆರಳು ಹಿಡಿದುಕೊಂಡಿದ್ದರೆ ಮಾತ್ರ ಅಳುವುದಿಲ್ಲ, ಆದ್ದರಿಂದ ಬೋರ್ಡಿನ ಮೇಲೆ ಬರೆಯುವಾಗಲೂ ಅದು ಪಕ್ಕದಲ್ಲಿ ತೂಗಾಡುತ್ತಿರುತ್ತದೆ.

“ಕಾಲೇಜಲ್ಲಿ ಹೇಳಿಕೊಟ್ಟಿದ್ದು, ಮಕ್ಕಳು ಹೂವಿನಂಥೋರು ಅಂತ,” ಎಂದಳು. “ಹೂವು ಕಚ್ಚತ್ತಾ ಅತ್ತೆ? ನೋಡಿ ಇಲ್ಲಿ.” ಮುಂಗೈಯಲ್ಲಿ ಪುಟ್ಟ ಹಲ್ಲಿನ ಗುರುತು ದುಂಡಗೆ ಮೂಡಿತ್ತು.

“ಮುಂದಿನ ಹಲ್ಲು ಇದೆ. ಹಾಗಾದ್ರೆ ನನ್ನ ಶತ್ರು ಅಲ್ಲ,” ಎಂದೆ.

“ಅಪ್ಪಾ, ನೀನು ಸ್ಟ್ಯಾಚ್ಯೂ.”

ನಾನು ಸುಮ್ಮನಾದೆ.

“ನೀವು ಒಳಗೆ ಬಂದ ತಕ್ಷಣ ಸುಮ್ಮನಾಗ್ತಾರೆ,” ಎಂದು ಅತ್ತೆಯ ಕಡೆ ತಿರುಗಿದಳು. “ನಾನು ಬೆಳಗ್ಗೆಯಿಂದ ಕಿರುಚಿದ್ರೂ ಒಬ್ರೂ ತಿರುಗಿ ನೋಡಲ್ಲ. ನನ್ನ ಕೈಲಿ ಆಗಲ್ಲ. ಶುಕ್ರವಾರ ಹೋಗಿ ಫೇಲಾಗೋದಕ್ಕಿಂತ ಹೋಗದೇನೇ ಫೇಲಾಗ್ತೀನಿ. ನಿದ್ದೆನಾದ್ರೂ ಮಾಡ್ಬಹುದು.”

ನಿದ್ದೆ ಎಂಬ ಮಾತಿಗೆ ಅಕ್ಕ ಕತ್ತರಿ ನಿಲ್ಲಿಸಿದಳು.

“ನಾನು ಮಾಡಿದ್ದೆ,” ಎಂದಳು.

“ಏನು?”

“ನಿದ್ದೆ. ಪಾಠ ನೋಡೋಕೆ ಬಂದಾಗ.”

ಅಕ್ಕ ಟ್ರೈನಿಂಗ್ ಮಾಡುತ್ತಿದ್ದ ದಿನಗಳಲ್ಲಿ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ನನಗೆ ನೆನಪಿರುವುದು ಒಂದೇ ಚಿತ್ರ. ರಾತ್ರಿ ಊಟಕ್ಕೆ ಕೂತ ಅಕ್ಕ ಚಮಚ ಹಿಡಿದ ಕೈ ಅರ್ಧ ದಾರಿಯಲ್ಲಿರುವಾಗಲೇ ನಿದ್ದೆ ಹೋಗುತ್ತಿದ್ದಳು. ಅಮ್ಮ ಆ ಚಮಚವನ್ನು ಮೆಲ್ಲಗೆ ಬಿಡಿಸಿ ತೆಗೆಯುತ್ತಿದ್ದಳು. ಆದರೆ ಈಗ ಹೇಳಿದ ಕತೆಯನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಹೇಳಿದ್ದೆಲ್ಲ ಅಚ್ಚಾಗುತ್ತದೆ ಎಂಬ ಭಯ ನಮ್ಮ ಮನೆಯವರಿಗೆಲ್ಲ ಇದೆ.

ಆಗ ಅಕ್ಕ ಚಿಕ್ಕ ಮಿಸ್. ಆ ತರಗತಿಗೆ ಬೇರೊಬ್ಬ ದೊಡ್ಡ ಮಿಸ್ ಇದ್ದರು, ಅವರು ಕೆಮ್ಮಿದರೆ ಸಾಕು, ಗೋಡೆಯ ಮೇಲಿನ ಚಿತ್ರಗಳೂ ನೆಟ್ಟಗಾಗುತ್ತಿದ್ದವು. ಅಕ್ಕ ಕೂಗುತ್ತಿದ್ದಳು.

“ನೀನಾ? ಕೂಗ್ತಿದ್ಯಾ?” ಎಂದೆ.

“ಬೀದಿಗೆ ಕೇಳೋ ಹಾಗೆ ಕೂಗ್ತಿದ್ದೆ ಕಣೋ. ಪಕ್ಕದ ಕ್ಲಾಸಿನ ಮಕ್ಕಳು ಸುಮ್ಮನಾಗ್ತಿದ್ವು. ನಮ್ಮವು ಆಗ್ತಿರಲಿಲ್ಲ.”

ಮಧ್ಯಾಹ್ನ ಊಟವಾದ ಮೇಲೆ ಮಕ್ಕಳನ್ನು ಚಾಪೆ ಹಾಕಿ ಮಲಗಿಸುವ ಕ್ರಮ ಅಲ್ಲೂ ಇತ್ತು. ಮಲಗಿಸುವುದಕ್ಕೆ ಚಿಕ್ಕ ಮಕ್ಕಳ ಮಿಸ್‌ಗಳು ಎಲ್ಲ ಕಡೆಯೂ ಮಾಡುವುದು ಒಂದೇ ಉಪಾಯ. “ನೋಡಿ, ನಾನೂ ಮಲಗ್ತೀನಿ” ಎಂದು ತಾನೂ ಒಂದು ಚಾಪೆಯ ಮೇಲೆ ಕಣ್ಣು ಮುಚ್ಚುವುದು. ಒಂದು ಕಣ್ಣು ಮುಚ್ಚಿದರೆ ಇನ್ನೊಂದು ಸಣ್ಣಗೆ ತೆರೆದಿರಬೇಕು. ಯಾರು ಎದ್ದರು, ಯಾರು ಯಾರ ಜುಟ್ಟು ಎಳೆದರು ಎಂದು ಆ ಕಣ್ಣು ನೋಡುತ್ತಿರಬೇಕು. ಅಕ್ಕನ ಕೊನೇ ಪಾಠದ ದಿನ, ಹಿಂದಿನ ರಾತ್ರಿಯೆಲ್ಲ ಚಾರ್ಟು ಬರೆದಿದ್ದ ಅಕ್ಕ, ಮಕ್ಕಳ ನಡುವೆ ಮಲಗಿ ಒಂದು ಕಣ್ಣು ಮುಚ್ಚಿದಳು. ಇನ್ನೊಂದು ಅದರ ಹಿಂದೆಯೇ ಹೋಯಿತು.

“ಅದೇ ಹೊತ್ತಿಗೆ ಕಾಲೇಜಿನ ಮೇಡಂ ಬಂದ್ರು. ಹೇಳಿದ್ದಕ್ಕಿಂತ ಮುಂಚೆ.”

“ಅಯ್ಯೋ!” ಎಂದು ನನ್ನ ಮಗಳು ಆನೆಯ ಮೇಲಿಂದ ತಲೆ ಎತ್ತಿದಳು. ಕೆನ್ನೆಯ ಮೇಲೆ ಬೂದು ಬಣ್ಣ ಅಂಟಿತ್ತು.

“ಮಕ್ಕಳೆಲ್ಲ ಎಚ್ಚರಾನೇ. ನಾನೊಬ್ಳೇ ಮಲಗಿದ್ದು. ಬಾಗಿಲ ಹತ್ರ ಇದ್ದ ಒಂದು ಮಗು ಮೇಡಂಗೆ ‘ಶ್! ಚಿಕ್ಕ ಮಿಸ್ ಮಲಗಿದಾರೆ’ ಅಂತಂತೆ. ಮೇಡಂ ಒಳಗೆ ಬರೋಕೆ ಹೋದ್ರೆ ‘ಚಪ್ಪಲಿ ಬಿಚ್ಚಿ’ ಅಂತಂತೆ. ಬಿಚ್ಚಿದ್ರು. ಕೂರೋಕೆ ಕುರ್ಚಿ ಹುಡುಕಿದ್ರೆ ಎಲ್ಲ ಇಷ್ಟಿಷ್ಟೇ ಎತ್ತರ. ಇನ್ನೊಂದು ಮಗು ಚಾಪೆ ಸರಿಸಿ ಜಾಗ ಕೊಡ್ತಂತೆ. ಪಾಪ, ಅವರೂ ಬೆಳಗ್ಗೆಯಿಂದ ಬಸ್ಸು ಹತ್ತಿ ಇಳಿದು ಊರೆಲ್ಲ ಸುತ್ತಿ ಬಂದಿದ್ರು.”

“ಸುಳ್ಳು,” ಎಂದೆ ನಾನು.

“ನೀನು ಬರೆಯೋದು ಸುಳ್ಳು. ಇದು ನಡೆದದ್ದು. ದೊಡ್ಡ ಮಿಸ್ ಬಂದು ನೋಡಿದ್ರೆ ಇಬ್ರೂ ಮಲಗಿದೀವಿ, ಮಕ್ಕಳೆಲ್ಲ ಬಾಯ ಮೇಲೆ ಬೆರಳಿಟ್ಟು ಕಾವಲು ಕೂತಿದಾವೆ. ದೊಡ್ಡ ಮಿಸ್ ಬಾಗಿಲು ಎಳೆದು, ಗಂಟೆ ಬಾರಿಸೋನಿಗೆ ಸ್ವಲ್ಪ ತಡಿ ಅಂದ್ರಂತೆ.”

“ಆಮೇಲೆ? ಮೇಡಂ ಏನು ಬರೆದ್ರು?”

“ಬರೆಯೋಕೆ ಎಚ್ಚರ ಇರ್ಬೇಕಲ್ಲ.”

ಕೆಳಗೆ ಮೆಷಿನ್ನು ನಿಂತಿತ್ತು. ನಾವಿಬ್ಬರೂ ನಕ್ಕೆವು. ನಗದವಳು ಅಕ್ಕ ಒಬ್ಬಳೇ. ಇಲಿಗೆ ಬಾಲ ಕತ್ತರಿಸುತ್ತಿದ್ದಳು.

“ಇನ್ನೊಂದು ದಿನ ಬಂದು ಪಾಠ ನೋಡಿದ್ರು. ಕೆಟ್ಟದಾಗೇ ಇತ್ತು. ಪಾಸ್ ಮಾಡಿದ್ರು. ಇಬ್ರೂ ಆ ವಿಷಯ ಎತ್ತಲಿಲ್ಲ.”

“ಸರಿ ಅಕ್ಕ, ಇದರ ನೀತಿ ಏನು?” ಎಂದೆ. ಅಂಕಣಕ್ಕೆ ಕೊನೆಯಲ್ಲೊಂದು ಸಾಲು ಬೇಕಾಗುತ್ತದೆ.

“ನೀತಿ ಏನೂ ಇಲ್ಲ. ನಿದ್ದೆ ಬಂತು.” ಬಾಲ ಮುಗಿಸಿ ಇಲಿಯನ್ನು ಆನೆಯ ಪಕ್ಕಕ್ಕಿಟ್ಟಳು. “ಎದ್ದಾಗ ನನ್ನ ಮೇಲೆ ಯಾವುದೋ ಮಗು ತನ್ನ ಸ್ವೆಟರ್ ಹೊದಿಸಿತ್ತು. ಇಷ್ಟಗಲ. ಒಂದು ಭುಜಕ್ಕೂ ಸಾಲದು. ಅವತ್ತು ಗೊತ್ತಾಯ್ತು, ಅವಕ್ಕೆ ಸುಮ್ನಿರೋಕೆ ಬರತ್ತೆ ಅಂತ. ನಾವು ಕೇಳಿದಾಗ ಬರಲ್ಲ, ಅಷ್ಟೇ.”

ನಾಳೆ ಹೋಗುತ್ತೇನೆ ಎಂದು ಮಗಳು ಹೇಳಲಿಲ್ಲ. ಆದರೆ ಮಲಗುವ ಮುನ್ನ ಆನೆಯ ಉಳಿದ ಎರಡು ಕಾಲಿಗೂ ಬಣ್ಣ ಹಚ್ಚಿದಳು.

ಶುಕ್ರವಾರ ನಾನು ಸಾಮಾನು ಹೊರುವವನಾಗಿ ಹೋದೆ. ಬಟ್ಟೆ ನೇತುಹಾಕುವ ಹ್ಯಾಂಗರಿನ ಎರಡು ತುದಿಗೆ ಕಾಗದದ ಲೋಟ ಕಟ್ಟಿ ಮಗಳು ತಕ್ಕಡಿ ಮಾಡಿದ್ದಳು. ತೂಗಲು ಕಲ್ಲು, ಹತ್ತಿ, ಗುಂಡಿ, ಬಿಸ್ಕತ್ತು. ಅಕ್ಕ ನನ್ನನ್ನು ವರಾಂಡದಲ್ಲೇ ನಿಲ್ಲಿಸಿ, “ಒಳಗೆ ಕಾಲಿಟ್ಟೆ ಅಂದ್ರೆ ನೋಡು,” ಎಂದಳು. ನಾನು ಕಿಟಕಿಗೆ ಮುಖ ಒತ್ತಿ ನಿಂತೆ.

ಮೇಡಂ ಬೆಳಗ್ಗೆ ಬರಬೇಕಿತ್ತು. ಬರಲಿಲ್ಲ. ಮಗಳು ಬಾಗಿಲು ನೋಡುತ್ತಾ, ಬೋರ್ಡು ಒರೆಸುತ್ತಾ, ಮತ್ತೆ ಬಾಗಿಲು ನೋಡುತ್ತಾ ಬೆಳಗ್ಗೆಯನ್ನು ಕಳೆದಳು. ಹಗುರ ಎಂದು ತೋರಿಸಬೇಕಿದ್ದ ಬಿಸ್ಕತ್ತುಗಳನ್ನು ಮಕ್ಕಳು ತಿಂದು ಇನ್ನೂ ಹಗುರ ಮಾಡಿದರು. ಊಟವಾಯಿತು. ಚಾಪೆ ಹಾಕಿದರು. ಅಕ್ಕ ಹಿಂದಿನ ಮೂಲೆಯಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮಲಗಿಸುವ ಕೆಲಸವನ್ನು ಮೊದಲ ಸಲ ಪೂರ್ತಿ ಚಿಕ್ಕ ಮಿಸ್‌ಗೆ ಬಿಟ್ಟಿದ್ದಳು. ಗಂಟಲು ಹೋಗಿದ್ದ ನನ್ನ ಮಗಳು ಕೂಗುವ ಗೋಜಿಗೇ ಹೋಗಲಿಲ್ಲ. ಚಾಪೆಯಿಂದ ಚಾಪೆಗೆ ಮಂಡಿಯೂರಿ ಹೋಗಿ, ಒಬ್ಬನ ಬೆನ್ನು ತಟ್ಟಿ, ಒಬ್ಬಳ ಕಾಲುಚೀಲ ಬಿಚ್ಚಿ, ಹೆಬ್ಬೆರಳಿನ ಮಗುವಿಗೆ ಹೆಬ್ಬೆರಳು ಕೊಟ್ಟು ಕೂತಳು. ಎಲ್ಲರೂ ಮಲಗುವ ಹೊತ್ತಿಗೆ ಅವಳ ತಲೆಯೂ ತೂಗುತ್ತಿತ್ತು. ನಾನು ಕಿಟಕಿಯ ಹೊರಗಿಂದ ಮನಸ್ಸಿನಲ್ಲೇ ಮೊರೆಯಿಟ್ಟೆ. ತಾಯಿ, ಮನೆತನದ ವಿದ್ಯೆಯನ್ನು ಇವತ್ತೊಂದು ದಿನ ಪ್ರದರ್ಶಿಸಬೇಡ.

ಆಗ ಮೇಡಂ ಬಂದರು. ಬೆವರಿದ್ದರು. ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಬಾಗಿಲಲ್ಲಿ ನಿಂತರು.

“ತಡ ಆಯ್ತು. ನನಗೆ ಇನ್ನೊಂದು ಶಾಲೆ ಇದೆ. ಎಬ್ಬಿಸಿ ಶುರು ಮಾಡು.”

ನನ್ನ ಮಗಳು ಮೇಡಂ ಮುಖ ನೋಡಿದಳು. ಸಾಲಾಗಿ ಮಲಗಿದ್ದ ಮಕ್ಕಳನ್ನು ನೋಡಿದಳು. ಅತ್ತೆಯ ಕಡೆ ನೋಡಿದಳು. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲೇ ಇಲ್ಲ. ನನಗೆ ಅವಳನ್ನು ಕಿಟಕಿಯಿಂದಲೇ ಚಿವುಟಬೇಕೆನಿಸಿತು.

“ಎಬ್ಬಿಸಲ್ಲ ಮೇಡಂ,” ಎಂದಳು ಮಗಳು. ಪಿಸುಮಾತು. ಬೇರೆ ದನಿ ಅವಳಲ್ಲಿ ಇರಲಿಲ್ಲ.

“ಏನಂದೆ?”

“ಈಗ ತಾನೇ ಮಲಗಿದಾರೆ. ಈಗ ಎಬ್ಬಿಸಿದ್ರೆ ಎಲ್ಲರೂ ಅಳ್ತಾರೆ. ಸ್ವಲ್ಪ ಹೊತ್ತಿಗೆ ಅವರೇ ಒಬ್ಬೊಬ್ಬರಾಗಿ ಏಳ್ತಾರೆ. ಎದ್ದವರಿಗೆ ಪಾಠ ಮಾಡ್ತೀನಿ.”

“ನಿಂಗೆ ಪಾಸಾಗೋದು ಬೇಡ್ವಾ?”

“ಬೇಕು ಮೇಡಂ.” ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಎದ್ದೇಳಲಿಲ್ಲ. ಏಳುವುದಕ್ಕೂ ಆಗುತ್ತಿರಲಿಲ್ಲ, ಹೆಬ್ಬೆರಳು ಇನ್ನೊಬ್ಬರ ವಶದಲ್ಲಿತ್ತು.

ಮೇಡಂ ಬಾಯಿ ತೆರೆದರು. ವರ್ಷ ಪೂರ್ತಿ ಮತ್ತೆ ಮಾಡು ಎಂಬ ಮಾತು ಅಲ್ಲೇ ಹಲ್ಲಿನ ಹಿಂದೆ ಇತ್ತು, ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಬಾಗಿಲ ಬಳಿಯ ಚಾಪೆಯಿಂದ ಒಂದು ತಲೆ ಎದ್ದಿತು.

“ಚಿಕ್ಕ ಮಿಸ್, ಈ ಆಂಟಿ ಚಪ್ಪಲಿ ಬಿಚ್ಚಿಲ್ಲ,” ಎಂದಳು ಹಲ್ಲಿಲ್ಲದ ಹುಡುಗಿ. ಅವಳೂ ಪಿಸುಮಾತಿನಲ್ಲೇ ಹೇಳಿದಳು.

ಮೂಲೆಯಲ್ಲಿ ಅಕ್ಕನ ಸೂಜಿ ಒಂದು ಕ್ಷಣ ನಿಂತಿತು. ಮೇಡಂ ತಮ್ಮ ಕಾಲು ನೋಡಿಕೊಂಡರು. ಚಪ್ಪಲಿ ಬಿಚ್ಚಿದರು. ಒಂದು ಗಿಡ್ಡ ಕುರ್ಚಿಯಲ್ಲಿ, ಮಂಡಿ ಗದ್ದಕ್ಕೆ ತಾಗುವಂತೆ ಕೂತರು. ಫ್ಯಾನು ತಿರುಗುತ್ತಿತ್ತು. ಆ ಕೋಣೆಯಲ್ಲಿ ಉಸಿರಾಟ ಬಿಟ್ಟರೆ ಬೇರೆ ಶಬ್ದವಿರಲಿಲ್ಲ. ಮೇಡಂ ಒಂದು ಸಲ ಆಕಳಿಸಿ, ಅದನ್ನು ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದರು. ನಾನು ಕಿಟಕಿಯ ಕೆಳಗೆ ಬಗ್ಗಿದೆ.

ಆಮೇಲೆ ನಡೆದದ್ದನ್ನು ಪಾಠ ಎಂದು ಕರೆಯಲು ಧೈರ್ಯ ಬೇಕು. ಮೊದಲು ಹಲ್ಲಿಲ್ಲದ ಹುಡುಗಿ ತಕ್ಕಡಿಯ ಮುಂದೆ ಬಂದು ಕೂತಳು. ಕಲ್ಲು ಒಂದು ಕಡೆ, ಹತ್ತಿ ಒಂದು ಕಡೆ. “ಕಲ್ಲು ಕೆಳಗೆ ಹೋಯ್ತು,” ಎಂದಳು. “ಯಾಕೆ?” “ಅದಕ್ಕೆ ಸುಸ್ತಾಗಿದೆ.” ಇನ್ನೊಬ್ಬ ಎದ್ದ, ಇನ್ನಿಬ್ಬರು ಎದ್ದರು. ನಿದ್ದೆಗಣ್ಣಿನ ಮಕ್ಕಳು ಕೂಗುವುದಿಲ್ಲ. ಒಬ್ಬರ ಬೆನ್ನಿಗೊಬ್ಬರು ಒರಗಿ ನೋಡುತ್ತಾರೆ. ಯೋಜನೆಯಲ್ಲಿದ್ದ ಆನೆಯನ್ನೂ ಇಲಿಯನ್ನೂ ಯಾರೂ ಕೇಳಲಿಲ್ಲ. ಒಂದು ಬೂಟು ಇಟ್ಟರು, ಒಂದು ಕರ್ಚೀಫು ಇಟ್ಟರು. ಒಬ್ಬ ಕಿಟಕಿಯಲ್ಲಿ ನನ್ನನ್ನು ಕಂಡುಹಿಡಿದು, “ಮಿಸ್, ನಿಮ್ಮ ಅಪ್ಪನ್ನ ತೂಗೋಣ,” ಎಂದ. ಕಡೆಗೆ ಯಾರೋ ತಮ್ಮ ನೀರಿನ ಬಾಟಲಿಯನ್ನೇ ಲೋಟಕ್ಕೆ ತುರುಕಲಾಗಿ ಹ್ಯಾಂಗರು ಲಟ್ಟೆಂದು ಮುರಿಯಿತು. ನೀರು ಮೇಡಂ ಕಾಲಿನವರೆಗೂ ಹರಿಯಿತು. ಮಗಳು ನೆಲ ಒರೆಸುತ್ತಲೇ, “ಯಾವುದು ಭಾರ?” ಎಂದು ಕೇಳಿದಳು. “ನೀರು!” ಎಂದರು ಎಲ್ಲರೂ. ಸರಿಯಾದ ಉತ್ತರ ಅವತ್ತು ಅದೊಂದೇ.

ಮೇಡಂ ಎದ್ದರು. ಎದ್ದಾಗ ಕುರ್ಚಿಯೂ ಸ್ವಲ್ಪ ಜೊತೆಗೆ ಎದ್ದಿತು.

“ಪಾಠ ಯೋಜನೆಯಲ್ಲಿ ಬರೆದಿದ್ದು ಒಂದೂ ನಡೀಲಿಲ್ಲ,” ಎಂದರು ಚಪ್ಪಲಿ ಹುಡುಕುತ್ತಾ. ಮಕ್ಕಳು ಅವನ್ನು ಗೋಡೆಯ ಬದಿಯ ಸಾಲಿಗೆ ಸೇರಿಸಿದ್ದರು, ಎಡಬಲ ಅದಲುಬದಲಾಗಿ. “ವಸ್ತು ಮುರೀತು. ಸಮಯಪಾಲನೆ ಇಲ್ಲ.”

“ಹೌದು ಮೇಡಂ.”

“ಹಿಡಿತ,” ಎಂದು ನಿಲ್ಲಿಸಿ, ಅದಲುಬದಲಾದ ಚಪ್ಪಲಿಯನ್ನು ಹಾಗೆಯೇ ಮೆಟ್ಟಿ, ತಪ್ಪು ಗೊತ್ತಾಗಿ ಮತ್ತೆ ಬಿಚ್ಚಿ ಹಾಕಿಕೊಂಡರು. “ಹಿಡಿತ ಸಾಧಾರಣ. ಪಾಸು. ಮುಂದಿನ ವರ್ಷ ಗಟ್ಟಿ ಹ್ಯಾಂಗರ್ ತಗೋ.”

ಅವರು ಹೋದ ಮೇಲೆ ನಾನು ಒಳಗೆ ಕಾಲಿಟ್ಟೆ. ಹಲ್ಲಿಲ್ಲದ ಹುಡುಗಿ ಚೀಲ ಹೆಗಲಿಗೇರಿಸಿ ಹೊರಟಿದ್ದವಳು ನನ್ನನ್ನು ನೋಡಿ ನಿಂತಳು. ಏನೋ ಜ್ಞಾಪಿಸಿಕೊಂಡವಳಂತೆ ಬೆರಳು ತೋರಿಸಿ, “ಓವರ್,” ಎಂದು ಹೇಳಿ ಹೋದಳು. ಸೋಮವಾರದಿಂದ ಬಾಕಿಯಿದ್ದದ್ದು.

ಶಾಲೆ ಬರಿದಾಯಿತು. ಆಯಾ ಪಕ್ಕದ ಕೋಣೆಗಳ ಕಿಟಕಿ ಮುಚ್ಚುತ್ತಿದ್ದಳು. ನನ್ನ ಮಗಳು ಮಡಿಚದೆ ಉಳಿದಿದ್ದ ಒಂದು ಚಾಪೆಯ ಮೇಲೆ ಕೈಕಾಲು ಚೆಲ್ಲಿ ಮಲಗಿದ್ದಳು. ಪಾಸಾದವಳ ಮುಖ ಅದಾಗಿರಲಿಲ್ಲ, ದೂರದ ಊರಿಂದ ನಡೆದುಕೊಂಡು ಬಂದವಳ ಮುಖವಾಗಿತ್ತು. ಅಕ್ಕ ಗಿಡ್ಡ ಕುರ್ಚಿಯಲ್ಲಿ ಕೂತು, ಬೆಳಗ್ಗೆ ತಂದಿಟ್ಟಿದ್ದ ಚಹಾದ ಮೇಲಿನ ಕೆನೆಯನ್ನು ಬೆರಳಿಂದ ತೆಗೆಯುತ್ತಿದ್ದಳು. ನಾನು ಮುರಿದ ಹ್ಯಾಂಗರನ್ನೂ ಕಲ್ಲುಗಳನ್ನೂ ಆರಿಸಿಕೊಂಡೆ.

“ಅತ್ತೆ,” ಎಂದಳು ಮಗಳು ಸೂರು ನೋಡುತ್ತಾ. “ಒಂದು ನಿಜ ಹೇಳ್ತೀರಾ?”

“ಕೇಳು.”

“ಮೊದಮೊದಲು ಹೀಗಿರತ್ತೆ, ಆಮೇಲೆ ಸರಿಹೋಗತ್ತೆ ಅಂತ ಕಾಲೇಜಲ್ಲಿ ಎಲ್ಲರೂ ಹೇಳ್ತಾರೆ. ಈ ಸುಸ್ತು ಕಡಿಮೆ ಆಗೋಕೆ ಎಷ್ಟು ದಿನ ಬೇಕು?”

ಅಕ್ಕ ತಣ್ಣಗಿನ ಚಹಾವನ್ನು ಒಂದು ಗುಟುಕು ಕುಡಿದಳು. ನಿಜವಾಗಿಯೂ ಲೆಕ್ಕ ಹಾಕುವವಳಂತೆ ಸ್ವಲ್ಪ ಯೋಚಿಸಿದಳು.

“ಈಗಲೇ ಹೇಗೆ ಹೇಳಲಿ ಕೂಸೇ,” ಎಂದಳು. “ನನಗಿನ್ನೂ ಮೂವತ್ತು ಚಿಲ್ಲರೆ ವರ್ಷ ತಾನೇ ಆಗಿರೋದು.”